ಏಳನೇ ಕೇಂದ್ರದ ಸದ್ದು

ಏಪ್ರಿಲ್ ೯, ಸಂಜೆ

ನನ್ನ ಗುಬ್ಬಿಗೆ,

ಅಮ್ಮನ ಆಶೀರ್ವಾದಗಳು. ಲಕೋಟೆ ನೋಡಿ ಗಾಬರಿಯಾಗಬೇಡ, ಕೆಟ್ಟ ಸುದ್ದಿಯೇನೂ ಇಲ್ಲ. ನಾನು ಆರಾಮಾಗಿದ್ದೇನೆ. ಇಲ್ಲಿ ಫೋನು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಅಲ್ಲದೆ ಹೇಳಬೇಕಾದ ವಿಷಯ ಉದ್ದವಿದೆ. ನಿನ್ನ ಡ್ಯೂಟಿಯ ನಡುವೆ ಕರೆದು ಅರ್ಧಕ್ಕೆ ನಿಲ್ಲಿಸುವಂಥದ್ದಲ್ಲ. ಬ್ಯಾಟರಿ ತರಲು ನಗರಕ್ಕೆ ಹೊರಟಿರುವ ನಮ್ಮ ಡ್ರೈವರ್ ಇದನ್ನು ನಿನ್ನ ಆಸ್ಪತ್ರೆಯ ಗೇಟಿನಲ್ಲಿ ಕೊಡುತ್ತಾನೆ.

ದೊಡ್ಡ ಕಂಪನವಾಗಿ ಆರು ವಾರವಾಗುತ್ತ ಬಂತು. ನನ್ನ ಕೆಲಸದ ವಿಷಯ ಚಿಕ್ಕಂದಿನಿಂದ ಕೇಳಿ ಕೇಳಿ ನಿನಗೆ ಸಾಕಾಗಿದೆ, ಗೊತ್ತು. ಆದರೂ ಮುಂದಿನದು ಅರ್ಥವಾಗಲು ಒಂದು ಮಾತು ಹೇಳಲೇಬೇಕು. ಭೂಮಿ ಒಮ್ಮೆ ಜೋರಾಗಿ ನಡುಗಿ ಸುಮ್ಮನಾಗುವುದಿಲ್ಲ, ತಿಂಗಳುಗಟ್ಟಲೆ ಸಣ್ಣಗೆ ನಡುಗುತ್ತಲೇ ಇರುತ್ತದೆ. ಆ ಸಣ್ಣ ನಡುಕಗಳನ್ನು ಹತ್ತಿರದಿಂದ ಹಿಡಿದರೆ ಮಾತ್ರ ನೆಲದೊಳಗಿನ ಬಿರುಕು ಎಲ್ಲಿಂದ ಎಲ್ಲಿಗೆ ಹೋಗಿದೆ, ಯಾವ ಇಳಿಜಾರಿನಲ್ಲಿ ಮತ್ತೆ ಮನೆ ಕಟ್ಟಬಾರದು ಎಂದು ಹೇಳಲು ಸಾಧ್ಯ. ಅದಕ್ಕಾಗಿ ಈ ಕಣಿವೆಯ ಉದ್ದಕ್ಕೂ ಹದಿನಾಲ್ಕು ಕಡೆ ತಾತ್ಕಾಲಿಕವಾಗಿ ಯಂತ್ರಗಳನ್ನು ಇಟ್ಟಿದ್ದೇವೆ. ಕೆಲವು ತಿಂಗಳಾದ ಮೇಲೆ ಕಿತ್ತುಕೊಂಡು ಹೋಗುತ್ತೇವೆ.

ನಮ್ಮ ವಾಸ ಒಂದು ಆಟದ ಮೈದಾನದ ಸಾಮಾನು ಕೋಣೆಯಲ್ಲಿ. ಮಡಚಿಟ್ಟ ಟೇಬಲ್ ಟೆನಿಸ್ ಮೇಜುಗಳ ಹಿಂದೆ ನನಗೊಂದು ಮಂಚ ಹಾಕಿಕೊಟ್ಟಿದ್ದಾರೆ. ಜೊತೆಗಿರುವ ಮೂವರೂ ನಿನ್ನ ವಯಸ್ಸಿನವರು, ಒಳ್ಳೆಯವರು. ನನ್ನನ್ನು ಮೇಡಂ ಎನ್ನುತ್ತಾರೆ, ಭಾರದ ಬ್ಯಾಟರಿ ಮುಟ್ಟಲು ಬಿಡುವುದಿಲ್ಲ. ಊಟವಾದ ಮೇಲೆ ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದು ಮನೆಯವರೊಂದಿಗೆ ಮಾತಿಗಿಳಿಯುತ್ತಾರೆ. ಆ ಹೊತ್ತಿನಲ್ಲಿ ನಾನು ಲ್ಯಾಪ್‌ಟಾಪ್ ತೆರೆದು ದಿನದ ದಾಖಲೆ ನೋಡುತ್ತೇನೆ. ಹದಿನಾಲ್ಕು ಗೆರೆಗಳು, ಒಂದರ ಕೆಳಗೊಂದು. ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ.

ನಮ್ಮ ಏಳನೇ ಕೇಂದ್ರ ಇರುವುದು ಪೇಟೆಬೀದಿಯ ಕೊನೆಯಲ್ಲಿ, ಚಪ್ಪಲಿ ರಿಪೇರಿ ಮಾಡುವ ಒಬ್ಬಾತನ ಅಂಗಡಿಯ ಹಿಂದಿನ ಕೋಣೆಯಲ್ಲಿ. ಅಂಗಡಿಯ ಮೇಲಿದ್ದ ಮರದ ಮಹಡಿ ಪೂರ್ತಿ ಬಿದ್ದುಹೋಗಿದೆ. ಈ ಹಿಂದಿನ ಕೋಣೆ ಮಾತ್ರ ಗಟ್ಟಿಯಾಗಿ ನಿಂತಿದೆ, ಅದರ ಸಿಮೆಂಟು ನೆಲ ಕೂದಲೆಳೆಯಷ್ಟೂ ಬಿರಿದಿಲ್ಲ. ನಮಗೆ ಬೇಕಾದದ್ದು ಅಂಥದೇ ನೆಲ. ಆತನಿಗೆ ಐವತ್ತರ ಹತ್ತಿರ ವಯಸ್ಸು. ಹುಟ್ಟಿನಿಂದ ಕಿವಿ ಕೇಳಿಸದು, ಮಾತು ಬಾರದು. ಶಾಲೆಗೂ ಹೋದವನಲ್ಲ, ಚಪ್ಪಲಿಯ ಅಳತೆಯ ಅಂಕಿಗಳನ್ನಷ್ಟೇ ಬರೆಯಬಲ್ಲ. ಪಕ್ಕದ ಬೇಕರಿಯಾಕೆ ನಮ್ಮ ಮಾತನ್ನು ಆತನಿಗೆ, ಆತನ ಸನ್ನೆಯನ್ನು ನಮಗೆ ದಾಟಿಸಿದಳು. ಆತ ಕೋಣೆಯಲ್ಲಿದ್ದ ಚರ್ಮದ ಕಟ್ಟುಗಳನ್ನೆಲ್ಲ ತಾನೇ ಎತ್ತಿ ಆಚೆ ಇಟ್ಟ. ನಾನು ಮೊಣಕಾಲೂರಿ ಯಂತ್ರವನ್ನು ರಸಮಟ್ಟ ನೋಡಿ ಕೂರಿಸುವಾಗ ಪಕ್ಕದಲ್ಲೇ ಕೂತು ಗಾಜಿನೊಳಗೆ ಅತ್ತಿತ್ತ ಸರಿಯುವ ಆ ರಸಮಟ್ಟದ ಗುಳ್ಳೆಯನ್ನೇ ನೋಡುತ್ತಿದ್ದ.

ಯಂತ್ರ ಇಟ್ಟ ಮನೆಯವರಿಗೆ ನಾನೊಂದು ಆಟ ತೋರಿಸುವ ರೂಢಿ, ನಿನಗೂ ಚಿಕ್ಕವಳಿದ್ದಾಗ ತೋರಿಸಿದ್ದೇನೆ. ಪರದೆಯ ಮೇಲೆ ಗೆರೆ ಓಡುತ್ತಿರುವಾಗ ನೆಲಕ್ಕೆ ಹಿಮ್ಮಡಿಯಿಂದ ಒಂದು ಏಟು ಹಾಕುತ್ತೇನೆ. ಗೆರೆ ಚಂಗನೆ ಎದ್ದು ಇಳಿಯುತ್ತದೆ. ಆಮೇಲೆ ಮಾಡಿನ ಮೇಲಿನ ಆಂಟೆನಾ ತೋರಿಸಿ, ನಗರದ ದಿಕ್ಕಿಗೆ ಕೈಮಾಡಿ, ಈ ಏಟು ಈಗ ಅಲ್ಲಿಗೆ ಮುಟ್ಟಿತು ಎನ್ನುತ್ತೇನೆ. ಜನಕ್ಕೆ ಖುಷಿಯಾಗುತ್ತದೆ, ಯಂತ್ರವನ್ನು ಮಗುವಿನಂತೆ ನೋಡಿಕೊಳ್ಳುತ್ತಾರೆ. ಆತನಿಗೂ ತೋರಿಸಿದೆ. ಎಲ್ಲರೂ ನಗುವಲ್ಲಿ ಆತ ನಗಲಿಲ್ಲ. ನನ್ನಿಂದ ಇನ್ನೊಮ್ಮೆ ಕುಟ್ಟಿಸಿದ. ಇನ್ನೊಮ್ಮೆ ನಗರದ ಕಡೆ ಕೈಮಾಡಿಸಿದ. ನಿಜವೇ ಎಂದು ಬೇಕರಿಯಾಕೆಯನ್ನು ಕೇಳಿದ. ಆಕೆ ಹೌದೆಂದು ತಲೆಯಾಡಿಸಿದಳು.

ಮರುವಾರದಿಂದ ಏಳನೇ ಕೇಂದ್ರದಲ್ಲಿ ಸದ್ದು ಶುರುವಾಯಿತು. ಸದ್ದು ಎಂದರೆ ಭೂಮಿಯದಲ್ಲದ ಅಲುಗಾಟಕ್ಕೆಲ್ಲ ನಾವು ಹೇಳುವ ಹೆಸರು: ಲಾರಿ, ಪಂಪು, ದನ, ಹಗ್ಗದಾಟ ಆಡುವ ಮಕ್ಕಳು. ಇದು ದಿನಾ ಸಂಜೆ, ಬೆಳಕು ಇಳಿಯುವ ಹೊತ್ತಿಗೆ. ಎರಡು ಚಿಕ್ಕ ಏಟು, ಒಂದು ದೊಡ್ಡ ಏಟು. ಸ್ವಲ್ಪ ಬಿಡುವು. ಮತ್ತೆ ಎರಡು ಚಿಕ್ಕದು, ಒಂದು ದೊಡ್ಡದು. ಬೇಕರಿಯ ಹಿಟ್ಟು ನಾದುವ ಯಂತ್ರ ಇರಬೇಕೆಂದುಕೊಂಡೆ. ನಗರದಿಂದ ಮೇಲಧಿಕಾರಿ ಫೋನು ಮಾಡಿ, "ಏನ್ರೀ, ಅಲ್ಲಿ ಏನಾದ್ರೂ ಕುಣಿತ ನಡೀತಿದೆಯಾ? ಸಂಜೆ ಬಂದ ನಡುಕ ಒಂದೂ ಸರಿಯಾಗಿ ಕಾಣ್ತಿಲ್ಲ. ಸರಿ ಮಾಡಿ, ಇಲ್ಲಾಂದ್ರೆ ಕಿತ್ತು ಬೇರೆ ಕಡೆ ಇಡಿ" ಎಂದರು.

ನಿನ್ನೆ ಸಂಜೆ ನಾನೊಬ್ಬಳೇ ಹೋದೆ. ಅಂಗಡಿಯ ಬಾಗಿಲು ತೆರೆದೇ ಇತ್ತು. ಆತ ಹಿಂದಿನ ಕೋಣೆಯಲ್ಲಿ ನನಗೆ ಬೆನ್ನು ಹಾಕಿ ಬರಿಗಾಲಲ್ಲಿ ನಿಂತಿದ್ದ. ತಲೆ ಬಾಚಿದ್ದ. ಕೆಲಸದ ಅಂಗಿ ತೆಗೆದು ಒಗೆದ ಅಂಗಿ ಹಾಕಿಕೊಂಡಿದ್ದ. ನಾನು ಬಂದದ್ದು ಆತನಿಗೆ ತಿಳಿಯಲಿಲ್ಲ. ನೆಲಕ್ಕೆ ಎರಡು ಚಿಕ್ಕ ಏಟು ಕೊಟ್ಟ, ಒಂದು ದೊಡ್ಡದು ಕೊಟ್ಟ. ಆಮೇಲೆ ಕುಕ್ಕರಗಾಲಲ್ಲಿ ಕೂತು ಯಂತ್ರದ ಪಕ್ಕದ ನೆಲದ ಮೇಲೆ ಅಂಗೈ ಇಟ್ಟ. ಹಾಗೇ ಇಟ್ಟುಕೊಂಡಿದ್ದ. ಉತ್ತರಕ್ಕೆ ಕಾಯುತ್ತಿದ್ದಾನೆಂದು ನನಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು. ಉತ್ತರ ಬರಲಿಲ್ಲ. ಎದ್ದು ಮತ್ತೆ ಕುಟ್ಟಿದ.

ನಾನು ಸದ್ದಿಲ್ಲದೆ ಹಿಂದೆ ಸರಿದು ಬೇಕರಿಗೆ ಹೋದೆ. ಸದ್ದಿಲ್ಲದೆ ಹೋಗುವ ಅಗತ್ಯವೇ ಇರಲಿಲ್ಲ, ಆದರೂ ತುದಿಗಾಲಲ್ಲಿ ನಡೆದೆ.

"ಅದು ಅವಳ ಹೆಸರು ಮೇಡಂ," ಎಂದಳು ಬೇಕರಿಯಾಕೆ. "ಅವನ ಹೆಂಡ್ತಿ. ಅವಳಿಗೂ ಕಿವಿ ಕೇಳಿಸಲ್ಲ. ಅವಳು ಮಹಡಿ ಮೇಲೆ ಕೂತು ಚರ್ಮ ಹೊಲೀತಿದ್ಲು, ಇವನು ಕೆಳಗಿಂದ ಕೋಲಲ್ಲಿ ಹಲಗೆಗೆ ಕುಟ್ಟೋನು. ಊಟಕ್ಕೆ ಕರೆಯೋಕೆ, ಗಿರಾಕಿ ಬಂದ್ರೆ ಕರೆಯೋಕೆ. ಒಂದೊಂದ್ಸಲ ಸುಮ್ನೆ, ಇದ್ದೀಯಾ ಅಂತ ಕೇಳೋಕೆ. ಅದುರಿದ್ದು ಅವಳ ಕಾಲಿಗೆ ಗೊತ್ತಾಗೋದು. ಅವಳೂ ಮೇಲಿಂದ ಕುಟ್ಟೋಳು. ಇಡೀ ಬೀದಿಗೆ ಗೊತ್ತಿತ್ತು."

ಕಂಪನವಾದಾಗ ಮಹಡಿ ಅವಳ ಸಮೇತ ಬೀದಿಗೆ ಬಿತ್ತಂತೆ. ಕಿತ್ತುಬಂದ ಒಂದು ಬಾಗಿಲ ಮೇಲೆ ಮಲಗಿಸಿ, ಗಾಯಾಳುಗಳನ್ನು ಸಾಗಿಸುವ ಲಾರಿಗೆ ಹತ್ತಿಸಿದ್ದನ್ನು ಬೇಕರಿಯಾಕೆ ಕಣ್ಣಾರೆ ಕಂಡಿದ್ದಾಳೆ. ಆಗ ಉಸಿರಿತ್ತು. ಗಂಡನನ್ನು ಅಂಗಡಿಯೊಳಗಿನ ಅವಶೇಷದಿಂದ ಹೊರತೆಗೆದದ್ದು ಮರುದಿನ. ಆಮೇಲೆ ಆಸ್ಪತ್ರೆಗಳಿಂದ ಬಂದ ಯಾವ ಪಟ್ಟಿಯಲ್ಲೂ ಅವಳ ಹೆಸರು ಸಿಕ್ಕಿಲ್ಲ. "ಹೋಗಿರ್ತಾಳೆ ಬಿಡಿ," ಎಂದು ಬೇಕರಿಯಾಕೆ ದನಿ ತಗ್ಗಿಸಿದಳು, ಆತನಿಗೆ ಕೇಳಿಸುತ್ತದೇನೋ ಎಂಬಂತೆ. "ನಗರದ ಆಸ್ಪತ್ರೇಲಿದಾಳೆ, ಈಗ ಯಾರನ್ನೂ ಒಳಗೆ ಬಿಡಲ್ಲ ಅಂತ ಮಾತ್ರ ಅವನಿಗೆ ಸನ್ನೆ ಮಾಡಿದೀನಿ. ಬೇರೆ ಏನು ಮಾಡ್ಲಿ, ನೀವೇ ಹೇಳಿ."

ಗುಬ್ಬಿ, ನಾನು ಬಂದು ಆತನ ಎದುರು ನೆಲ ಕುಟ್ಟಿ, ಇದು ನಗರಕ್ಕೆ ಮುಟ್ಟುತ್ತದೆ ಎಂದು ಹೇಳಿಕೊಟ್ಟೆ ನೋಡು.

ಬೆಳಗಿನಿಂದ ಒಂದೇ ಯೋಚನೆ. ತನ್ನ ಹೆಸರು ತಾನೇ ಹೇಳಲಾಗದವಳನ್ನು ಹೆಸರಿನ ಪಟ್ಟಿಯಲ್ಲಿ ಹುಡುಕಿದರೆ ಎಲ್ಲಿ ಸಿಗುತ್ತಾಳೆ? ಗಾಯಾಳುಗಳನ್ನು ಸಾಗಿಸಿದ್ದು ನಿಮ್ಮದೂ ಸೇರಿ ಮೂರು ಆಸ್ಪತ್ರೆಗಳಿಗೆ. ನೀನು ನರ್ಸು, ನಿನಗೆ ಎಲ್ಲ ಕಡೆ ಗೆಳತಿಯರಿದ್ದಾರೆ. ವಯಸ್ಸು ನಲವತ್ತೈದರ ಆಸುಪಾಸು, ಸಪೂರ ಮೈ. ಬಲಗೈ ಬೆರಳುಗಳಲ್ಲಿ ದಬ್ಬಳ ಹಿಡಿದು ದಡ್ಡುಗಟ್ಟಿದ ಗುರುತು ಇರಬೇಕು. ಒಮ್ಮೆ ನೋಡುತ್ತೀಯಾ? ಸಿಗದಿದ್ದರೆ ಅದನ್ನೂ ಬರೆ. ಆತನಿಗೆ ನಾನಿನ್ನೂ ಏನೂ ಹೇಳಿಲ್ಲ. ಮೇಲಧಿಕಾರಿಗೆ, ಸದ್ದಿನ ಮೂಲ ಹುಡುಕುತ್ತಿದ್ದೇನೆ, ಯಂತ್ರ ಅಲ್ಲೇ ಇರಲಿ ಎಂದಿದ್ದೇನೆ.

ನಿನ್ನ
ಅಮ್ಮ

ಮರೆತೆ: ನಿನ್ನ ಬೆನ್ನುನೋವು ಹೇಗಿದೆ?

*

ಏಪ್ರಿಲ್ ೧೮

ಅಮ್ಮಾ,

ನಿನ್ನ ಕಾಗದ ಸಿಕ್ಕಿತು. ಜೊತೆಯವರೆಲ್ಲ ಊಟವಾದ ಮೇಲೆ ಮೂಲೆ ಹಿಡಿದು ಮನೆಯವರೊಂದಿಗೆ ಮಾತಾಡುತ್ತಾರಂತೆ, ನಿನಗೆ ಮಾತ್ರ ಫೋನು ಸಿಗುವುದಿಲ್ಲವಂತೆ. ಇರಲಿ, ಅದನ್ನು ಕೆದಕುವುದಿಲ್ಲ.

ಅವಳು ಸಿಕ್ಕಿದಳು.

ನಮ್ಮಲ್ಲಿ ಗುರುತು ಪತ್ತೆಯಾಗದ ಹೆಂಗಸರು ಇಬ್ಬರಿದ್ದರು, ಇಬ್ಬರೂ ಅವಳಲ್ಲ. ಎರಡನೇ ಆಸ್ಪತ್ರೆಯಲ್ಲಿ ಯಾರೂ ಇರಲಿಲ್ಲ. ಮೂರನೆಯದರಲ್ಲಿ ನನ್ನ ಜೊತೆ ಓದಿದವಳೊಬ್ಬಳು ಮೂಳೆ ವಾರ್ಡಿನ ಸಿಸ್ಟರ್. ಅವಳನ್ನು ಕೇಳಿದೆ. ಒಬ್ಬಳಿದ್ದಾಳೆ ಕಣೇ, ಆದರೆ ನಿನ್ನ ಹೆಂಗಸು ಅಲ್ಲ ಅನ್ನಿಸುತ್ತೆ, ಅವಳಿಗೆ ತಲೆ ಸರಿಯಿಲ್ಲ, ಎಂದಳು. ರಜೆಯ ದಿನ ಹೋದೆ.

ಮೂಲೆಯ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬಲತೊಡೆಯ ಮೂಳೆ ಮುರಿದು ಪ್ಲೇಟ್ ಹಾಕಿದ್ದಾರೆ. ಮಂಚಕ್ಕೆ ತೂಗುಹಾಕಿದ ಚಾರ್ಟಿನಲ್ಲಿ ಬರೆದಿತ್ತು: ಆಘಾತದಿಂದ ಮಾತು ನಿಂತಿದೆ, ಸ್ಪಂದಿಸುವುದಿಲ್ಲ. ಅವಳ ಬೆನ್ನ ಹಿಂದೆ ನಿಂತು ಒಂದು ಚಪ್ಪಾಳೆ ತಟ್ಟಿ ನೋಡೋಣವೆಂದು ಇಷ್ಟು ದಿನ ಯಾರಿಗೂ ತೋಚಿಲ್ಲ. ನಾನು ಅವರನ್ನು ಬೈಯಲಾರೆ. ಆ ವಾರಗಳಲ್ಲಿ ಒಂದು ಮಂಚಕ್ಕೆ ಇಬ್ಬರನ್ನು ಮಲಗಿಸಿದ್ದೆವು, ನಮಗೂ ತೋಚುತ್ತಿರಲಿಲ್ಲ. ಸಂಜೆಯಾದರೆ ಎಡಗಾಲಿನ ಹಿಮ್ಮಡಿಯಿಂದ ಮಂಚದ ಕಬ್ಬಿಣ ಕುಟ್ಟುತ್ತಾಳೆ, ಪಕ್ಕದ ರೋಗಿಗಳಿಗೆ ನಿದ್ದೆಯಿಲ್ಲ ಎಂದು ದೂರು ಇತ್ತಂತೆ. ಅದಕ್ಕೆ ಅವಳ ಹಿಮ್ಮಡಿಯ ಕೆಳಗೆ ಎರಡು ದಿಂಬು ಇಟ್ಟಿದ್ದರು.

ಮೊದಲು ಮಂಚದ ಸರಳಿಗೆ ಬೆರಳಲ್ಲಿ ತಟ್ಟಿದೆ. ಏನೂ ಆಗಲಿಲ್ಲ. ಆ ಮಂಚಕ್ಕೆ ರಬ್ಬರ್ ಚಕ್ರ, ದಪ್ಪ ಹಾಸಿಗೆ. ನೆಲ ಕುಟ್ಟಿದರೆ ನನ್ನ ಕಾಲು ನೊಂದದ್ದಷ್ಟೇ ಲಾಭ. ಆಮೇಲೆ ಹೊರಗಿನಿಂದ ಒಂದು ಮರದ ಸ್ಟೂಲ್ ತಂದು ಹಾಸಿಗೆಯ ಮೇಲೇ ಇಟ್ಟೆ. ನನ್ನ ಗೆಳತಿ, ಏನೇ ಮಾಡ್ತಿದೀಯ, ದೊಡ್ಡ ಸಿಸ್ಟರ್ ನೋಡಿದ್ರೆ ನನ್ನ ಕಥೆ ಮುಗೀತು ಎಂದು ಒದ್ದಾಡುತ್ತಿದ್ದಳು. ದಿಂಬು ತೆಗೆದು ಅವಳ ಎಡಗಾಲನ್ನು ಸ್ಟೂಲಿನ ಹಲಗೆಗೆ ಒರಗಿಸಿ ಮುಷ್ಟಿಯಿಂದ ಕುಟ್ಟಿದೆ. ಎರಡು ಚಿಕ್ಕದು. ಒಂದು ದೊಡ್ಡದು.

ಅವಳು ತಿರುಗಿದಳು. ನನ್ನನ್ನು ನೋಡಲೇ ಇಲ್ಲ ಅಮ್ಮಾ. ನನ್ನನ್ನು ದಾಟಿ ಬಾಗಿಲ ಕಡೆ ನೋಡಿದಳು. ಅವನು ಬಂದಿದ್ದಾನೆಂದುಕೊಂಡಳು.

ಬಾಗಿಲಲ್ಲಿ ಯಾರೂ ಇರಲಿಲ್ಲ. ನಾನು ಎದ್ದು ಬಾಗಿಲು ಕಾಣದಂತೆ ಅವಳ ಮುಂದೆ ನಿಂತುಕೊಂಡೆ. ಯಾಕೆ ಹಾಗೆ ಮಾಡಿದೆನೋ ತಿಳಿಯದು. ಎಷ್ಟೋ ಜನರಿಗೆ ಎಷ್ಟೋ ಕೆಟ್ಟ ಸುದ್ದಿಯನ್ನು ಮುಖ ನೋಡಿಯೇ ಹೇಳಿದ್ದೇನೆ. ಚಪ್ಪಲಿ ಹೊಲಿಯುವ ಹಾಗೆ ಅಭಿನಯಿಸಿ ತೋರಿಸಿದೆ. ದೂರದಲ್ಲಿದ್ದಾನೆ, ಚೆನ್ನಾಗಿದ್ದಾನೆ ಎಂದು ನನಗೆ ತಿಳಿದ ಹಾಗೆ ಕೈ ಆಡಿಸಿದೆ. ಎಷ್ಟು ಅರ್ಥವಾಯಿತೋ. ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದುಕೊಂಡು, ಸ್ಟೂಲಿನ ಮೇಲೆ ತಾನೇ ಕುಟ್ಟಿದಳು: ಒಂದು ದೊಡ್ಡದು, ಎರಡು ಚಿಕ್ಕದು, ಮತ್ತೊಂದು ದೊಡ್ಡದು. ಇದನ್ನು ನೀನು ನನಗೆ ಬರೆದಿರಲಿಲ್ಲ. ಅವನದೇ ಇರಬೇಕು. ಅವನಿಗೆ ತೋರಿಸು, ಅವಳು ಹೌದೋ ಅಲ್ಲವೋ ಅವನೇ ಹೇಳುತ್ತಾನೆ. ಹೊರಡುವಾಗ ನನ್ನ ಚಪ್ಪಲಿಯ ಅಟ್ಟೆ ಕಿತ್ತಿರುವುದನ್ನು ಕಂಡು ಬೆರಳು ತೂರಿಸಿ ನೋಡಿ, ಇಷ್ಟು ಕೆಟ್ಟ ಹೊಲಿಗೆಯಾ ಎಂಬಂತೆ ಮೂತಿ ತಿರುವಿದಳು. ತಲೆ ಸರಿಯಿಲ್ಲವಂತೆ!

ಈಗ ನನ್ನ ಮಾತು. ಉದ್ದಕ್ಕೆ ಬರೆದಿದ್ದೀಯ, ಅದರಲ್ಲಿ ನಿನಗೆಂದು ಏನೂ ಕೇಳಿಲ್ಲ. ನನ್ನದು ಕೊನೆಗೆ ಒಂದು ಸಾಲು, ಅದೂ ಬೆನ್ನಿನದು. ಅಪ್ಪ ಹೋದ ಮೇಲೆ ಇಲ್ಲಿ ನನ್ನ ಮನೆಯ ಕಿಟಕಿಯಿರುವ ಕೋಣೆಯನ್ನು ನಿನಗೆಂದು ಬಿಟ್ಟು ನಾನು ಒಳಕೋಣೆಯಲ್ಲಿ ಮಲಗುತ್ತಿದ್ದೇನೆ. ನಿವೃತ್ತಿಯಾದ ಮೇಲೆ ಬರುತ್ತೇನೆ ಎಂದೆ. ಆಮೇಲೆ ಗುತ್ತಿಗೆಯ ಮೇಲೆ ಕರೆದಿದ್ದಾರೆ, ಇದೊಂದು ಕೆಲಸ ಮುಗಿಯಲಿ ಎಂದೆ. ಅದು ಮುಗಿಯುವಷ್ಟರಲ್ಲಿ ಇನ್ನೊಂದು ಕಡೆ ಭೂಮಿ ನಡುಗುತ್ತದೆ. ನಡುಗದೆ ಎಲ್ಲಿ ಹೋಗುತ್ತದೆ? ಬೈಯಬೇಕೆಂದೇ ಕೂತಿದ್ದೆ. ಅವಳು ಬಾಗಿಲು ನೋಡಿದ್ದನ್ನು ಕಂಡ ಮೇಲೆ ಬೈಯಲು ಬಾಯಿ ಬರುತ್ತಿಲ್ಲ.

ಗುಬ್ಬಿ

ಬೆನ್ನುನೋವು ಹೋಗಿ ವರ್ಷವಾಯಿತು.

*

ಏಪ್ರಿಲ್ ೨೭

ಗುಬ್ಬಿ,

ನಿನ್ನ ಕಾಗದವನ್ನು ಡ್ರೈವರ್ ತಂದುಕೊಟ್ಟ ಕೂಡಲೇ, ಊಟವನ್ನೂ ಮಾಡದೆ ಪೇಟೆಬೀದಿಗೆ ಹೋದೆ.

ಆತ ಯಾರದೋ ಬೂಟಿಗೆ ಅಂಟು ಹಚ್ಚುತ್ತಿದ್ದ. ಬೇಕರಿಯಾಕೆಯನ್ನು ಕರೆದುಕೊಂಡೇ ಒಳಗೆ ಹೋದೆ. ಆತನ ಕೈಯಿಂದ ಬೂಟು ತೆಗೆದಿಟ್ಟು, ಅಂಗೈಯನ್ನು ಕೆಲಸದ ಹಲಗೆಯ ಮೇಲೆ ಒತ್ತಿ ಇಟ್ಟು ನೀನು ಬರೆದ ಹಾಗೇ ಕುಟ್ಟಿದೆ. ಒಂದು ದೊಡ್ಡದು, ಎರಡು ಚಿಕ್ಕದು, ಮತ್ತೊಂದು ದೊಡ್ಡದು.

ಆತ ತಲೆಯೆತ್ತಿ ಮಹಡಿಯಿದ್ದ ಕಡೆ ನೋಡಿದ. ಅಲ್ಲಿ ಈಗ ಟಾರ್ಪಾಲಿದೆ. ಆಮೇಲೆ ನನ್ನ ಮುಖ ನೋಡಿದ. ನಾನು ಮತ್ತೆ ಕುಟ್ಟಿದೆ, ನಗರದ ಕಡೆ ಕೈ ಮಾಡಿದೆ. ಬೇಕರಿಯಾಕೆ ಎರಡೂ ಕೈಯಲ್ಲಿ ಏನೇನೋ ಸನ್ನೆ ಮಾಡುತ್ತಾ, ಜೊತೆಗೆ ಬಾಯಲ್ಲೂ ಕೂಗುತ್ತಾ, "ಇದಾಳೆ ಕಣೋ, ಇದಾಳೆ! ಹೋಗಿರ್ತಾಳೆ ಅಂದ್ಬಿಟ್ಟಿದ್ದೆನಲ್ಲ, ನನ್ನ ಬಾಯಿಗೆ ಮಣ್ಣು ಹಾಕ!" ಎಂದು ಅಳತೊಡಗಿದಳು. ಆತ ಅಳಲಿಲ್ಲ. ಅಂಟಿನ ಡಬ್ಬಿಗೆ ಮುಚ್ಚಳ ಹಾಕಿದ. ಕೈ ತೊಳೆದ. ಒಗೆದ ಅಂಗಿ ಹಾಕಿಕೊಂಡು, ಕಪಾಟಿನಿಂದ ಹೆಂಗಸರ ಹೊಸ ಚಪ್ಪಲಿ ಒಂದು ಜೊತೆ ತೆಗೆದು ಕಾಗದದಲ್ಲಿ ಸುತ್ತಿದ. ನಾಳೆ ನಮ್ಮ ಗಾಡಿ ಹೋಗುತ್ತದೆ ಎಂದು ಬೇಕರಿಯಾಕೆಯಿಂದ ಹೇಳಿಸಿದರೂ ಕೇಳಲಿಲ್ಲ. ಬ್ರೆಡ್ಡಿನ ವ್ಯಾನು ಹಿಡಿದು ಹೊರಟೇಬಿಟ್ಟ. ನಿನ್ನ ಹೆಸರು, ಅವಳಿರುವ ಆಸ್ಪತ್ರೆ, ವಾರ್ಡು, ಬೇಕರಿಯಾಕೆಯ ಫೋನ್ ನಂಬರು ಎಲ್ಲ ಚೀಟಿಯಲ್ಲಿ ಬರೆದು ಜೇಬಿಗೆ ತುರುಕಿದ್ದು ಮಾತ್ರ ನಾನು.

ಮರುದಿನ ನೀನು ಬೇಕರಿಗೆ ಫೋನು ಮಾಡಿದೆಯಂತೆ. "ನಿಮ್ಮ ಮಗಳು ಮಾತಾಡಿದ್ಲು ಮೇಡಂ," ಎಂದು ಆಕೆ ಬೀದಿಗೆಲ್ಲ ಕೇಳುವಂತೆ ಹೇಳಿದಳು. "ಇಬ್ರೂ ಒಂದು ಸ್ಟೂಲ್ ಮೇಲೆ ಕೈಯಿಟ್ಕೊಂಡು ಕೂತಿದಾರಂತೆ. ಒಬ್ರು ಕುಟ್ಟೋದು, ಇನ್ನೊಬ್ರು ನಗೋದು. ವಾರ್ಡಿನೋರು ಬಯ್ಯೋದನ್ನೇ ಬಿಟ್ಬಿಟ್ರಂತೆ." ಮಗಳು ನನ್ನ ಕ್ಷೇಮ ಕೇಳಿದಳೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಆಕೆ ಕೈಗೆ ಒಂದು ಬನ್ನು ಕೊಟ್ಟಳು, ಬೀದಿಯಲ್ಲೇ ನಿಂತು ತಿಂದೆ.

ಅವಳ ಕಾಲು ನೆಲಕ್ಕೆ ತಾಗಲು ಇನ್ನೂ ಒಂದು ತಿಂಗಳು ಬೇಕಲ್ಲವೇ? ಆತ ಅಲ್ಲೇ ಇರಲಿ. ಅಂಗಡಿಯ ಕೀಲಿಕೈ ನನ್ನ ಬಳಿ ಇದೆ.

ಏಳನೇ ಕೇಂದ್ರದ ಗೆರೆ ಈಗ ಸಂಜೆಯೂ ನೇರವಾಗಿ ಓಡುತ್ತದೆ. ಮೊನ್ನೆ ಸಣ್ಣದೊಂದು ನಡುಕ ಬಂದದ್ದು ಸೂಜಿಯಲ್ಲಿ ಬರೆದಷ್ಟು ಸ್ಪಷ್ಟವಾಗಿ ಕಂಡಿತು. "ಬಹಳ ಚೆನ್ನಾಗಿದೆ, ಏನು ಮಾಡಿದ್ರಿ?" ಎಂದು ಮೇಲಧಿಕಾರಿ ಕೇಳಿದರು. ಸದ್ದಿನ ಮೂಲ ಬೇರೆ ಕಡೆ ಹೋಯಿತು ಸಾರ್ ಎಂದೆ. ಹುಡುಗರು ಎಂದಿನಂತೆ ಊಟ ಮುಗಿಸಿ ಮೂಲೆ ಸೇರುತ್ತಾರೆ. ನಾನು ಲ್ಯಾಪ್‌ಟಾಪ್ ತೆರೆದು ಎಲ್ಲ ಗೆರೆ ಬಿಟ್ಟು ಅದೊಂದನ್ನೇ ನೋಡುತ್ತೇನೆ. ಅಲ್ಲಿ ನೋಡುವುದಕ್ಕೆ ಏನೂ ಇಲ್ಲ. ನಿಮ್ಮಪ್ಪ ಹೋದ ಮೇಲೆ ನಮ್ಮ ಆ ಮನೆಯಲ್ಲಿ ಸಂಜೆಗಳು ಹೀಗೇ ಇದ್ದವು. ಗುತ್ತಿಗೆಯ ಕೆಲಸಕ್ಕೆ ಕರೆ ಬಂದಾಗ ಪೂರ್ತಿ ಕೇಳುವ ಮೊದಲೇ ಹೂಂ ಎಂದಿದ್ದೆ. ನಿನ್ನ ಮನೆಯಲ್ಲೂ ಹಾಗೇ ಕೂತು, ನೀನು ಡ್ಯೂಟಿಯಿಂದ ಬರುವುದನ್ನೇ ಕಾಯುವವಳಾಗಿಬಿಟ್ಟರೆ ನಿನಗೆ ಭಾರವಾಗುತ್ತೇನೆ ಎಂದುಕೊಂಡಿದ್ದೆ. ಅದನ್ನು ನಿನ್ನ ಬಳಿ ಕೇಳಿಯೇ ನೋಡಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಯಂತ್ರಗಳನ್ನು ಕೀಳುತ್ತೇವೆ. ಮುಂದಿನ ತಂಡಕ್ಕೆ ಯಾರು ಯಾರು ಬರುತ್ತೀರಿ ಎಂದು ಈಗಲೇ ಕೇಳುತ್ತಿದ್ದಾರೆ. ಮೂವರೂ ಹೆಸರು ಕೊಟ್ಟಿದ್ದಾರೆ.

ಚಪ್ಪಲಿಯ ಅಟ್ಟೆಯನ್ನು ಆತನ ಕೈಯಲ್ಲೇ ಹೊಲಿಸಿಕೋ. ಹಾಗೇ ಕಿತ್ತ ಚಪ್ಪಲಿಯಲ್ಲಿ ವಾರ್ಡೆಲ್ಲ ಓಡಾಡಬೇಡ, ಜಾರುತ್ತೀಯ.

ನಿನ್ನ
ಅಮ್ಮ

ಇನ್ನೊಂದು ವಿಷಯ: ನಾನು ಹೆಸರು ಕೊಟ್ಟಿಲ್ಲ. ನಗರದ ಬಸ್ ನಿಲ್ದಾಣದಲ್ಲಿ ಇಳಿದ ಮೇಲೆ ನಿನ್ನ ಮನೆಗೆ ಹೇಗೆ ಬರಬೇಕು, ಯಾವ ತಿರುವು, ಎಷ್ಟನೇ ಮನೆ, ಬಾಗಿಲ ಬಣ್ಣ ಯಾವುದು, ಎಲ್ಲ ಬಿಡಿಸಿ ಬರೆ. ನನಗೆ ನಿನ್ನ ಆಸ್ಪತ್ರೆಯ ಗೇಟೊಂದೇ ಗೊತ್ತು.